ಬಸ್ಸಿನಿಂದ ಇಳಿಯದ ಅಜ್ಜಿ

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಕಾಮಿಕ್ಸ್ ಬರೆಯುತ್ತೇನೆ ಅಂದರೆ ಸಾಕು, ಎದುರಿಗಿದ್ದವರು ಕಾಗದ ಪೆನ್ನು ಮುಂದಿಟ್ಟು, "ಒಂದು ಆನೆ ಬರೀರಿ ನೋಡೋಣ" ಅನ್ನುತ್ತಾರೆ. ನಾನು ಬರೆದ ಆನೆ ಸೊಂಡಿಲು ಹಚ್ಚಿದ ಆಲೂಗಡ್ಡೆಯ ಹಾಗಿರುತ್ತದೆ. ನಾನು ಬರೆಯುವುದು ಕಥೆ, ಮಾತು, ಯಾವ ಚೌಕದಲ್ಲಿ ಯಾರು ಎಲ್ಲಿ ನಿಂತಿರಬೇಕು ಎಂಬುದು. ಚಿತ್ರ ಬರೆಯುತ್ತಿದ್ದವಳು ಬೇರೆ. ಈಗ ಅವಳು ಬರೆಯುತ್ತಿಲ್ಲ. ಹೇಳುವುದಕ್ಕೆ ಇದು ಒಂದೇ ಸಾಲು, ಆದರೆ ಒಪ್ಪಿಕೊಳ್ಳುವುದಕ್ಕೆ ನನಗೆ ತುಂಬಾ ದಿನ ಹಿಡಿಯಿತು.

ಅವಳನ್ನು ನಾನು ಮೊದಲು ನೋಡಿದ್ದು ಹೆಬ್ಬಾಳದ ಒಂದು ಜಾಹೀರಾತು ಆಫೀಸಿನಲ್ಲಿ. ನಾನು ಅಲ್ಲಿ ಇಂಗ್ಲಿಷ್ ಜಾಹೀರಾತುಗಳನ್ನು ಕನ್ನಡಕ್ಕೆ ತರುತ್ತಿದ್ದೆ. ಈಗಲೂ ತರುತ್ತೇನೆ, ಹೊಟ್ಟೆಪಾಡು ಅದರಿಂದಲೇ. ಶೂಟಿಂಗಿಗೆ ಮೊದಲು ಬೇಕಾಗುವ ಸ್ಕೆಚ್ಚುಗಳನ್ನು ಮಾಡಿಕೊಡಲು ಅವಳು ಆಗಾಗ ಬರುತ್ತಿದ್ದಳು. ನನಗಿಂತ ಬಹಳ ಚಿಕ್ಕವಳು. ಆರ್.ಟಿ. ನಗರದವಳು, ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ನಮ್ಮೆಲ್ಲರಿಗಿಂತ ಚುರುಕಾದ ಬೆಂಗಳೂರು ಕನ್ನಡ. ಒಂದು ದಿನ ಊಟದ ಹೊತ್ತಿನಲ್ಲಿ, ಬೇಡವಾದ ಪ್ರಿಂಟೌಟಿನ ಹಿಂಬದಿಯಲ್ಲಿ, ಅವಳು ಒಬ್ಬ ಅಜ್ಜಿಯನ್ನು ಬರೆದಳು. ಬಸ್ಸಿನ ಕಿಟಕಿ ಪಕ್ಕದ ಸೀಟು, ತೊಡೆಯ ಮೇಲೆ ವೈರಿನ ಬುಟ್ಟಿ, ಮುಖದ ತುಂಬ ಸಿಟ್ಟು.

"ಯಾರ ಮೇಲೆ ಈ ಯಮ್ಮಂಗೆ ಇಷ್ಟೊಂದು ಕೋಪ?" ಎಂದೆ.

"ನಂಗೇನ್ ಗೊತ್ತು ಅಕ್ಕ? ನೀವೇ ಕೇಳಿ."

ಕೇಳಿದೆ. ಯಲಹಂಕದ ಆಚೆ ಎಲ್ಲೋ ಇದ್ದ ಅಜ್ಜಿಯ ತವರು ಹಳ್ಳಿ ಈಗ ಲೇಔಟ್ ಆಗಿದೆ, ಹೆಸರೂ ಬದಲಾಗಿದೆ. ಅಜ್ಜಿ ಪಾಸು ಮಾಡಿಸಿಕೊಂಡು ದಿನಾ ಯಾವುದಾದರೊಂದು ಬಸ್ಸು ಹತ್ತಿ ಅದನ್ನು ಹುಡುಕುತ್ತಾಳೆ. ಸಿಗುವುದಿಲ್ಲ. ಆದರೆ ಸುಮ್ಮನೆ ಕೂರುವ ಜಾತಿಯಲ್ಲ. ಬಸ್ಸಿನಲ್ಲಿ ನಡೆಯುವ ಜಗಳ ಬಿಡಿಸುತ್ತಾಳೆ, ಇಲ್ಲದ ಜಗಳ ಹಚ್ಚುತ್ತಾಳೆ, ಯಾರದೋ ಮದುವೆ ಮಾತುಕತೆಗೆ ಮೂಗು ತೂರಿಸುತ್ತಾಳೆ, ಸಂಜೆ ಹೊತ್ತಿಗೆ ಮನೆಗೆ ವಾಪಸ್ಸು. ಊರು ಸಿಕ್ಕಿತೆಂದು ಒಂದು ಸಲ ಇಳಿದುಬಿಟ್ಟರೆ ಕಥೆ ಮುಗಿಯಿತು ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು.

ಮೊದಲ ಕಥೆಯನ್ನು ನಾನು ಶಿಸ್ತಾಗಿ ಟೈಪ್ ಮಾಡಿ ಕೊಟ್ಟೆ. ಅವಳು ಓದಿದ್ದು ಉರ್ದು ಶಾಲೆಯಲ್ಲಿ, ಕನ್ನಡ ಓದುವುದು ನಿಧಾನ. ಆದರೂ ಕೂತು, ಕೂಡಿಸಿ ಓದಿ, ಪುಟಗಳನ್ನು ಮಾಡಿ ತಂದಳು. ನೋಡಿದರೆ ಕಣ್ಣಿಗೆ ಹಬ್ಬ, ಓದಿದರೆ ತಲೆಬುಡ ಇಲ್ಲ. ಕಂಡಕ್ಟರ್ ಮೊದಲು "ತಪ್ಪಾಯ್ತು ಬಿಡಜ್ಜಿ" ಅನ್ನುತ್ತಾನೆ, ಆಮೇಲೆ ಅಜ್ಜಿ ಅವನಿಗೆ ಬೈಯುತ್ತಾಳೆ, ಎಲ್ಲಾ ಆದ ಮೇಲೆ ಅವನು ಬಂದು ಪಾಸು ಕೇಳುತ್ತಾನೆ. ತಲೆ ಕೆರೆದುಕೊಂಡು ನೋಡುತ್ತಾ ಕೂತಾಗ ಹೊಳೆಯಿತು. ಅವಳ ಕೈ ಚೌಕಗಳನ್ನು ಬಲಗಡೆಯಿಂದ ಎಡಗಡೆಗೆ ಜೋಡಿಸಿತ್ತು, ಉರ್ದು ಪುಸ್ತಕದ ಹಾಗೆ. ಅವಳಿಗೇ ಗೊತ್ತಾಗಿರಲಿಲ್ಲ. ಹೇಳಿದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಚೌಕಗಳನ್ನು ಕತ್ತರಿಸಿ ಆ ಕಡೆಯದನ್ನು ಈ ಕಡೆಗೆ ಅಂಟಿಸಿದೆವು. ಆಗ ಇನ್ನೊಂದು ಫಜೀತಿ. ಯಲಹಂಕಕ್ಕೆ ಹೊರಟ ಬಸ್ಸು ಪ್ರತಿ ಚೌಕದಲ್ಲೂ ಮುಂದಿನ ಚೌಕಕ್ಕೆ ಬೆನ್ನು ಹಾಕಿ, ಹೆಬ್ಬಾಳಕ್ಕೆ ತಿರುಗಿ ಹೊರಟಂತೆ ಕಾಣುತ್ತಿತ್ತು. ಪುಟಗಳನ್ನೆಲ್ಲ ಮತ್ತೆ ಬರೆಯಬೇಕಾಯಿತು.

"ಅಕ್ಕ, ಈ ಟೈಪಿಂಗು ಗೀಪಿಂಗು ಬೇಡ. ನೀವು ಮಾಡಿ ತೋರ್ಸಿ, ನಾನು ನೋಡ್ಕೊಂಡ್ ಬರೀತೀನಿ," ಎಂದಳು.

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಶನಿವಾರ ಬೆಳಿಗ್ಗೆ ಸಹಕಾರನಗರದ ನನ್ನ ಮನೆಯಿಂದ ಹೊರಟು ಆರ್.ಟಿ. ನಗರದಲ್ಲಿ ಅವರ ಮನೆಯ ಮಹಡಿ ರೂಮು ಸೇರುತ್ತಿದ್ದೆ. ಎರಡು ಪ್ಲಾಸ್ಟಿಕ್ ಕುರ್ಚಿ ಜೋಡಿಸಿದರೆ ಬಸ್ಸು. ನಾನೇ ಅಜ್ಜಿ, ನಾನೇ ಕಂಡಕ್ಟರ್, ನಾನೇ ಬ್ರೇಕ್ ಹಾಕಿದಾಗ ಮುಂದಕ್ಕೆ ಮುಗ್ಗರಿಸುವ ಕಾಲೇಜು ಹುಡುಗ. ಅವಳು ಮೂಲೆಯಲ್ಲಿ ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಕೂರುತ್ತಿದ್ದಳು. ಕಣ್ಣು ನನ್ನ ಮೇಲೆ, ಕೈ ಕಾಗದದ ಮೇಲೆ. ಕೆಳಗೆ ಅಡುಗೆಮನೆಯಲ್ಲಿದ್ದ ಅವಳ ಅಮ್ಮಿಗೆ ಮೊದಮೊದಲು ಗಾಬರಿ. ನಾನು ಒಂದು ಸಲ ಧೊಪ್ಪೆಂದು ಬಿದ್ದಾಗ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಯಾ ಅಲ್ಲಾ! ಏನಾಯ್ತಮ್ಮಾ?"

"ಏನಿಲ್ಲ ಅಮ್ಮಿ, ಬಸ್ ಹಂಪ್ ಹಾರ್ತು," ಎಂದಳು ಮಗಳು, ತಲೆ ಎತ್ತದೆ.

ಆಮೇಲೆ ಅಮ್ಮಿಯೂ ಪ್ರಯಾಣಿಕರಾದರು. ಬಟಾಣಿ ಸುಲಿಯುತ್ತಾ ಬಾಗಿಲಲ್ಲಿ ಕೂತು, "ಈ ಮುದುಕಿ ಜಾಸ್ತಿ ಮಾತಾಡ್ತಾಳೆ" ಎಂದು ನನ್ನ ಸಂಭಾಷಣೆಗೆ ಕತ್ತರಿ ಹಾಕಿಸುತ್ತಿದ್ದರು. ಹೆಚ್ಚಿನ ಸಲ ಅವರ ಮಾತೇ ಸರಿ ಇರುತ್ತಿತ್ತು, ನನಗೆ ಉರಿಯುತ್ತಿತ್ತು.

ನಮ್ಮ ಪುಸ್ತಕವನ್ನು ಯಾವ ಪ್ರಕಾಶಕರೂ ಮುಟ್ಟಲಿಲ್ಲ. "ಕನ್ನಡದಲ್ಲಿ ಕಾಮಿಕ್ಸ್ ಯಾರ್ ಓದ್ತಾರೆ ಮೇಡಂ? ಮಕ್ಕಳು ಇಂಗ್ಲಿಷ್ ಓದ್ತವೆ, ದೊಡ್ಡೋರು ಫೋನ್ ನೋಡ್ತಾರೆ," ಎಂದು ಒಬ್ಬರು ಕಾಫಿ ಕೊಟ್ಟು ಕಳಿಸಿದರು. ಯಶವಂತಪುರದ ಒಂದು ಪ್ರೆಸ್ಸಿನಲ್ಲಿ ನಾವೇ ಅಚ್ಚು ಹಾಕಿಸಿದೆವು. ಕಾಮಿಕ್ಸ್ ಮೇಳಗಳಲ್ಲಿ ಟೇಬಲ್ ಹಿಡಿದು ಕೂತೆವು. ನಮ್ಮ ಎಡಕ್ಕೆ ಸೂಪರ್‌ಹೀರೊ ಬೊಂಬೆಗಳು, ಬಲಕ್ಕೆ ಜಪಾನಿನ ಪೋಸ್ಟರುಗಳು, ನಡುವೆ ವೈರಿನ ಬುಟ್ಟಿಯ ಅಜ್ಜಿ. ಜನ ಬರುತ್ತಿದ್ದರು, ನಿಂತಲ್ಲೇ ಮೊದಲಿಂದ ಕೊನೆಯವರೆಗೆ ಓದುತ್ತಿದ್ದರು, ನಗುತ್ತಿದ್ದರು, "ತುಂಬಾ ಚೆನ್ನಾಗಿದೆ, ಹೀಗೇ ಮಾಡ್ತಾ ಇರಿ" ಎಂದು ಬೆನ್ನು ತಟ್ಟಿ ಪುಸ್ತಕ ವಾಪಸ್ಸಿಟ್ಟು ಹೋಗುತ್ತಿದ್ದರು. ಅಂಥವರಿಗೆ ನಾನು ಮನಸ್ಸಿನಲ್ಲೇ ಹಾಕಿದ ಶಾಪ ಫಲಿಸಿದ್ದರೆ ಅರ್ಧ ಬೆಂಗಳೂರಿಗೆ ಹಲ್ಲುನೋವು ಬರಬೇಕಿತ್ತು. ನೆಂಟರ ಕಥೆಯಂತೂ ಕೇಳಲೇಬೇಡಿ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಎದುರು ಸಾಲಿನಿಂದ ಕೂಗಿ, "ಇನ್ನೂ ಆ ಗೊಂಬೆ ಪುಸ್ತಕ ನಡೀತಿದ್ಯೇನೇ?" ಎಂದು ಕೇಳುತ್ತಿದ್ದರು.

ಆದರೆ ಒಂದು ಸಂಜೆಯನ್ನು ಮಾತ್ರ ಯಾರೂ ನನ್ನಿಂದ ಕಿತ್ತುಕೊಳ್ಳಲಾರರು. ಎರಡನೇ ಪುಸ್ತಕ ಬಂದ ಹೊಸತು. ಪ್ರೆಸ್ಸಿನಿಂದ ಹೊರಟು ಯಶವಂತಪುರದಲ್ಲಿ ಬಸ್ಸು ಹತ್ತಿದೆವು. ಮುಂದಿನ ಸೀಟಿನಲ್ಲಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಹೊರಟ ಒಬ್ಬ ಹೆಂಗಸು ಕೂತಿದ್ದರು. ಕುತ್ತಿಗೆಯಲ್ಲಿ ಇನ್ನೂ ಫ್ಯಾಕ್ಟರಿಯ ಗುರುತಿನ ಚೀಟಿ, ಕೈಯಲ್ಲಿ ನಮ್ಮ ಪುಸ್ತಕ. ಪಕ್ಕದಲ್ಲಿದ್ದ ಅವಳು ನನ್ನ ತೊಡೆಯನ್ನು ಉಗುರು ನಾಟುವ ಹಾಗೆ ಹಿಂಡಿದಳು. ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಆ ಹೆಂಗಸು ಮುಖದಲ್ಲಿ ಏನೂ ತೋರಿಸದೆ ಪುಟ ತಿರುಗಿಸುತ್ತಿದ್ದರು. ನಮ್ಮ ಸ್ಟಾಪು ಬಂತು, ಹೋಯಿತು. ಅಜ್ಜಿ ಎಂಎಲ್‌ಎ ಕಡೆಯವನ ಕಾರನ್ನು ನಿಲ್ಲಿಸುವ ಪುಟ ಬಂದಾಗ ಅವರು ಜೋರಾಗಿ ಒಂದು ಸಲ ನಕ್ಕರು, ಪಕ್ಕದವರು ತಿರುಗಿ ನೋಡುವಷ್ಟು. ನಾವು ಎಲ್ಲಿ ಇಳಿದೆವೋ ನೆನಪಿಲ್ಲ. ರಸ್ತೆ ಬದಿಯಲ್ಲಿ ನಿಂತು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದದ್ದು ನೆನಪಿದೆ.

ಆಮೇಲೆ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ಒಂದು ಜಗಳವಾದರೂ ಆಡಿದ್ದರೆ ಬೈದುಕೊಂಡು ಇರಬಹುದಿತ್ತು. ಅವಳಿಗೆ ಮದುವೆಯಾಯಿತು, ಬಾಗಲಗುಂಟೆಗೆ ಹೋದಳು. ವಿಡಿಯೊ ಗೇಮ್ ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು, ದಿನವಿಡೀ ಪರದೆಯ ಮೇಲೆ ಕಾಡು, ಕೋಟೆ, ಕಲ್ಲುಬಂಡೆ ಬರೆಯುವುದು. ಮಗಳು ಹುಟ್ಟಿದಳು. ಮೂರನೇ ಪುಸ್ತಕದ ಅರ್ಧ ಆಗಿತ್ತು. ಅದರಲ್ಲಿ ಅಜ್ಜಿ ಕೊನೆಗೂ ತನ್ನ ಊರು ಹುಡುಕಿ ಬಸ್ಸಿನಿಂದ ಇಳಿಯಬೇಕು. ಶನಿವಾರಗಳು ಮೊದಲು ತಿಂಗಳಿಗೊಂದಾದವು, ಆಮೇಲೆ ಹಬ್ಬಕ್ಕೊಂದು. "ಮುಂದಿನ ವಾರ ಪಕ್ಕಾ ಅಕ್ಕ" ಎಂಬ ಮೆಸೇಜು ಬರುತ್ತಿತ್ತು, ಅದೂ ನಿಂತಿತು. ಕೊನೆಗೊಂದು ದಿನ ಫೋನಿನಲ್ಲಿ ಹೇಳಿದಳು: "ಬೇಜಾರ್ ಮಾಡ್ಕೋಬೇಡಿ ಅಕ್ಕ. ಇಡೀ ದಿನ ಬರ್ದು ಬರ್ದು, ಮನೆಗ್ ಬಂದು ಪೆನ್ಸಿಲ್ ನೋಡಿದ್ರೆ ತಲೆ ಸುತ್ತತ್ತೆ."

ನಾನು ಬೇಜಾರು ಮಾಡಿಕೊಂಡೆ. ಕಾದೆ. ಶನಿವಾರ ಬೆಳಿಗ್ಗೆ ಎದ್ದ ಕೂಡಲೇ ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು. ಕರೆಂಟು ಬಿಲ್ಲು ಕಟ್ಟಲು ಹೋದಾಗಲೂ, ಸೊಪ್ಪು ಕೊಳ್ಳುವಾಗಲೂ, ಅಜ್ಜಿ ಇಲ್ಲಿ ಏನೆನ್ನುತ್ತಿದ್ದಳು ಎಂದು ಯೋಚಿಸಿ, ಅದನ್ನು ಅವಳಿಗೆ ಮಾಡಿ ತೋರಿಸಬೇಕು ಅನ್ನಿಸಿ, ತಕ್ಷಣ ಮನಸ್ಸು ಪಿಚ್ಚೆನ್ನುತ್ತಿತ್ತು.

ಓದುಗರು ಕಡಿಮೆ, ಆದರೆ ಇದ್ದವರು ಬಿಡುವವರಲ್ಲ. ಅಜ್ಜಿ ಯಾವಾಗ ಇಳೀತಾಳೆ ಎಂದು ಮೇಳಗಳಲ್ಲಿ ಕೇಳಿ ಕೇಳಿ ನನ್ನ ಮಾನ ತೆಗೆದರು. ಯಲಹಂಕದ ಒಬ್ಬ ಕಲಾವಿದರ ಪರಿಚಯ ಯಾರೋ ಮಾಡಿಸಿದರು. "ಸ್ಕ್ರಿಪ್ಟ್ ಮೇಲ್ ಮಾಡಿ ಮೇಡಂ, ಮೀಟಿಂಗ್ ಏನೂ ಬೇಡ," ಎಂದರು. ಎಷ್ಟೋ ಕಾಲದ ಮೇಲೆ ಮತ್ತೆ ಟೈಪ್ ಮಾಡಿದೆ. ಹೇಳಿದ ದಿನಕ್ಕೆ ನಾಲ್ಕು ಪುಟ ಬಂತು. ಒಂದು ಗೆರೆ ತಪ್ಪಿಲ್ಲ, ಬಸ್ಸು ಬಸ್ಸಿನ ಹಾಗೇ ಇದೆ, ಹೆಬ್ಬಾಳ ಕೆರೆಯ ನೀರು ಹೊಳೆಯುತ್ತಿದೆ. ಹಾಗಿದ್ದೂ ಏನೋ ಸರಿಯಿಲ್ಲ. ಹಳೆಯ ಪುಟಗಳನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅವಳು ಬರೆದ ಅಜ್ಜಿಯ ಎಡ ಭುಜ ಜೋಲಿದೆ. ನಿಂತರೆ ಒಂದು ಕಾಲಿನ ಮೇಲೇ ಭಾರ ಹಾಕುತ್ತಾಳೆ. ಸಿಟ್ಟು ಬಂದಾಗ ಗಲ್ಲ ಎತ್ತಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ. ಎದ್ದು ಹೋಗಿ ಬೀರುವಿನ ಕನ್ನಡಿಯ ಮುಂದೆ ನಿಂತೆ. ಅದು ನಾನು. ಇಷ್ಟು ವರ್ಷವೂ ಅವಳು ನನ್ನನ್ನೇ ಬರೆದಿದ್ದಳು. ಅಷ್ಟು ಗಮನವಿಟ್ಟು ನನ್ನನ್ನು ಯಾರೂ ನೋಡಿಲ್ಲ, ಕಟ್ಟಿಕೊಂಡ ಗಂಡನೂ ನೋಡಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ.

ಅಜ್ಜಿಯನ್ನು ಮೊದಲು ಬರೆದವಳು ಅವಳು. ಬೇರೆಯವರ ಕೈಗೆ ಕೊಡಬೇಕಾದರೆ ಕೇಳಲೇಬೇಕು. ಒಂದು ಭಾನುವಾರ ಬೆಳಿಗ್ಗೆ ಆ ನಾಲ್ಕು ಪುಟ ಹಿಡಿದು ಬಾಗಲಗುಂಟೆಗೆ ಹೋದೆ. ಕೇಳಲು ಹೋದೆ ಎಂಬುದು ನೆಪ. ಅವಳು ಸಿಟ್ಟಿಗೇಳಬೇಕು, ಯಾವನಿವನು ನನ್ನ ಅಜ್ಜಿಯನ್ನು ಮುಟ್ಟೋನು ಎಂದು ಪುಟಗಳನ್ನು ಹರಿದು ಹಾಕಬೇಕು ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ.

ಅವಳು ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಗಂಡ ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಸೋಫಾದ ಮೇಲೆ ಒಗೆದ ಬಟ್ಟೆಯ ರಾಶಿ. ಅದನ್ನು ಅತ್ತ ಸರಿಸಿ ಪುಟಗಳನ್ನು ಒಂದೊಂದಾಗಿ ನೋಡಿದಳು.

"ಸಖತ್ತಾಗಿದೆ ಅಕ್ಕ. ಕೆರೆ ನೋಡಿ, ಎಷ್ಟ್ ಚೆನ್ನಾಗ್ ಮಾಡಿದಾರೆ. ಇವರಿಗೇ ಕೊಟ್ಬಿಡಿ."

"ನಿಂಗೇನೂ ಅನ್ಸಲ್ವಾ?"

"ಅನ್ಸತ್ತೆ," ಎಂದಳು. ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿಕೊಂಡಳು. "ಅನ್ಸಿದ್ರೂ ಕೈ ಬರಲ್ಲ ಅಕ್ಕ. ಅಜ್ಜೀನ ನಾನ್ ಕಾಯಿಸ್ಬಾರ್ದು. ಇಳೀಲಿ, ಪಾಪ."

ನಾನು ಪುಟಗಳನ್ನು ಜೋಡಿಸಿಕೊಂಡೆ. ಅವಳೇ ಕೇಳಿದಳು, "ಕೊನೇಲಿ ಏನ್ ಮಾಡಿದ್ರಿ?"

ಟೈಪ್ ಮಾಡಿದ ಹಾಳೆಗಳನ್ನು ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ಓದಲ್ಲ. ನೀವು ಮಾಡಿ ತೋರ್ಸಿ."

ಎರಡು ಕುರ್ಚಿ ಎಳೆದು ಜೋಡಿಸಿದೆ. ಬಸ್ಸು ಹತ್ತಿದೆ. ಅಜ್ಜಿ ಕಿಟಕಿಯಿಂದ ನೋಡುತ್ತಾಳೆ, ಎಲ್ಲಾ ಕಟ್ಟಡ, ಎಲ್ಲಾ ಒಂದೇ ಥರ. ಇದ್ದಕ್ಕಿದ್ದ ಹಾಗೆ ಎದ್ದು ನಿಂತು "ನಿಲ್ಸಪ್ಪೋ, ನಿಲ್ಸು" ಎಂದು ಕೂಗುತ್ತಾಳೆ. ಮೆಟ್ಟಿಲು ಇಳಿಯುತ್ತಾಳೆ, ಒಂದು, ಮಂಡಿ ಹಿಡಿದುಕೊಂಡು ಇನ್ನೊಂದು. ನಡೆಯುತ್ತಾಳೆ. ಬಾವಿಯಿಲ್ಲ, ಅರಳಿಕಟ್ಟೆಯಿಲ್ಲ, ಗುರುತಿಗೆ ಒಂದು ಕಲ್ಲೂ ಇಲ್ಲ. ಸುಸ್ತಾಗಿ ಯಾರದೋ ಹೊಸ ಮನೆಯ ಗೇಟಿನ ಹತ್ತಿರ ನಿಂತುಬಿಡುತ್ತಾಳೆ. ಬಾಗಿಲು ತೆರೆದು ಒಳಗಿನಿಂದ ಮನೆಯಾಕೆ ಬಂದು ಕೇಳುತ್ತಾಳೆ. ಆ ಮಾತನ್ನು ನಾನು ಹೇಳುವ ಮೊದಲೇ, ಸೋಫಾದ ಮೇಲಿಂದ ಅವಳು ಹೇಳಿದಳು.

"ಯಾರ್ ಮನೆ ಬೇಕಿತ್ತಜ್ಜಿ?"

"ಇದೇ ಕಣವ್ವ," ಎಂದೆ. "ಇಲ್ಲೇ ಇತ್ತು. ಯಾವಾಗ್ಲೂ ಇಂಗೇ ಬಾಗ್ಲು ತೆಗ್ದಿರೋದು."

ಅಲ್ಲಿಗೆ ಪುಸ್ತಕ ಮುಗಿಯಿತು. ಅವಳ ಕಣ್ಣು ತಲೆಯಿಂದ ಕಾಲಿನವರೆಗೂ ನನ್ನ ಮೇಲೇ ಇತ್ತು, ತುಂಬಿಕೊಂಡಿತ್ತು. ಕೈಗಳು ಮಾತ್ರ ಮಡಿಲಲ್ಲಿ ಒಂದರ ಮೇಲೊಂದು ಸುಮ್ಮನೆ ಬಿದ್ದಿದ್ದವು. ಮೊದಲೆಲ್ಲ ಅವಳು ಬರೆದು ಮುಗಿಸುವವರೆಗೆ ನಾನು ಅಲುಗಾಡದೆ ನಿಂತಿರುತ್ತಿದ್ದೆ. ಇವತ್ತು ಮುಗಿಯುವುದಕ್ಕೆ ಏನೂ ಇರಲಿಲ್ಲ. ಆದರೂ ಇಲ್ಲದ ಗೇಟಿನ ಮೇಲೆ ಕೈಯಿಟ್ಟುಕೊಂಡು, ಎಡ ಭುಜ ಇಳಿಬಿಟ್ಟುಕೊಂಡು, ನಾನು ನಿಂತೇ ಇದ್ದೆ.

"ಸಾಕು ಅಕ್ಕ," ಎಂದಳು ಅವಳು. "ಕೂತ್ಕೊಳ್ಳಿ."