ಮುಚ್ಚಳವಿಲ್ಲದ ಗಿಟಾರು

ರೇಡಿಯೋ ಮಾಡುವವರಿಗೆ ಬುದ್ಧಿ ಇರುತ್ತದೆ. ಹಿಂದೆ ಒಂದು ಮುಚ್ಚಳ, ನಾಲ್ಕು ಸ್ಕ್ರೂ. ಬಿಚ್ಚಿದರೆ ಹೊಟ್ಟೆಯೊಳಗಿನದೆಲ್ಲ ಕಣ್ಣಮುಂದೆ. ಟಿವಿಯೂ ಹಾಗೆಯೇ, ಟೇಪ್ ರೆಕಾರ್ಡರೂ ಹಾಗೆಯೇ. ತೊಂಬತ್ತರ ದಶಕದ ಕೊನೆಯಲ್ಲಿ ಅರಸೀಕೆರೆಯ ನನ್ನ ರಿಪೇರಿ ಅಂಗಡಿಗೆ ಬಂದ ಹಳೆಯ ಎಲೆಕ್ಟ್ರಿಕ್ ಗಿಟಾರಿಗೆ ಮಾತ್ರ ಮುಚ್ಚಳವೇ ಇರಲಿಲ್ಲ. ಮೈಯೆಲ್ಲ ಟೊಳ್ಳು, ವೈರೆಲ್ಲ ಒಳಗೆ, ಕೈ ಹಾಕಲು ಪಿಟೀಲಿಗಿರುವಂಥ ಎರಡು ಸೀಳು, ಅಷ್ಟೇ. ಇದನ್ನು ಮಾಡಿದವನು ಎದುರಿಗೆ ಸಿಕ್ಕಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದೆ. ಆ ಏಟು ಯಾರಿಗೆ ಸಲ್ಲಬೇಕಿತ್ತೆಂದು ಈಗ ಗೊತ್ತಿದೆ.

ತಂದವರು ಹಾರನಹಳ್ಳಿ ಕಡೆಯವರು, ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದರು. ಗುಂಡಿ ತಿರುಗಿಸಿದರೆ ಸ್ಪೀಕರಿನಲ್ಲಿ ಕರಕರ, ಕೈ ಬಿಟ್ಟರೆ ಗುಂಯ್.

"ವೈರು ಏನ್ ಬೇಕಾದ್ರೂ ಬದಲಾಯ್ಸಿ. ಮರಾನ್ ಮಾತ್ರ ಮುಟ್ಬೇಡಿ," ಎಂದರು. "ಮನೇಲಿ ವೈರ್ ಹಾಕ್ದೆ ಹಂಗೇ ನುಡಿಸ್ತೀನಿ. ಮೂವತ್ತು ವರ್ಷದಿಂದ ಕಿವಿ ಅದೇ ದನಿಗೆ ಒಗ್ಗೋಗೈತೆ ಕಣ್ರೀ."

ಸರಿ ಎಂದೆ. ಬಿಚ್ಚುವುದೇನೂ ಕಷ್ಟವಾಗಲಿಲ್ಲ. ಮೇಲಿನ ಗುಂಡಿ, ನಟ್ಟು ತೆಗೆದು, ಗುಂಡಿಗಳ ಕೆಳಗಿದ್ದ ನಾಲ್ಕು ಕಂಟ್ರೋಲುಗಳನ್ನು ಒಳಗೆ ಬೀಳಿಸಿ ಸೀಳಿನಿಂದ ಆಚೆ ಎಳೆದೆ. ವೈರಿನ ಮೇಲಿನ ಬಟ್ಟೆ ಮುಟ್ಟಿದರೆ ಉದುರುತ್ತಿತ್ತು. ಎಲ್ಲ ಹೊಸದು ಹಾಕಿ ಬೆಸುಗೆ ಹಚ್ಚಿದೆ. ಆಮೇಲೆ ಶುರುವಾಯಿತು ಗ್ರಹಚಾರ. ಅವನ್ನು ಮತ್ತೆ ಸೀಳಿನಿಂದ ಒಳಗೆ ತಳ್ಳಿ, ಒಂದೊಂದರ ತುದಿಯೂ ಅದರದರ ತೂತಿನಿಂದ ಮೇಲೆ ಬರುವಂತೆ ಮಾಡಬೇಕು. ಬೆರಳು ಹೋಗದು, ಇಕ್ಕಳ ತಲುಪದು. ಒಂದು ಬಂತೆನ್ನುವಾಗ ಇನ್ನೊಂದು ಜಾರುತ್ತಿತ್ತು. ಎರಡು ದಿನ ಇದೇ ಕೆಲಸ.

ಅಂಗಡಿಯ ಮುಂಭಾಗದಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ನನ್ನ ಹೆಂಡತಿ ನೋಡಿ ನೋಡಿ ಹೇಳಿದಳು: "ರೀ, ಲಂಗಕ್ಕೆ ಲಾಡಿ ಏರಿಸಲ್ವಾ, ಹಂಗೇ ಮಾಡಿ. ಆ ತೂತಿಂದ ದಾರ ಇಳಿಬಿಟ್ಟು ಸೀಳಿಂದ ಆಚೆ ತಗೊಳ್ಳಿ. ತುದೀಗೆ ಅದನ್ನ ಕಟ್ಟಿ ಮೇಲಿಂದ ಎಳೀರಿ. ತಾನಾಗೇ ಬತ್ತದೆ."

"ನೀನು ಲಂಗ ಹೊಲಿ. ನಂಗೆ ರಿಪೇರಿ ಹೇಳ್ಕೊಡ್ಬೇಡ," ಎಂದು ಗದರಿದೆ. ಅವಳು ಹೇಳಿದ್ದು ಸರಿಯೆಂದು ಆ ಕ್ಷಣಕ್ಕೇ ಹೊಳೆದಿತ್ತು. ಅದಕ್ಕೇ ಇನ್ನಷ್ಟು ಉರಿಯಿತು. ಲಾಡಿಯಂತೆ ಲಾಡಿ! ಇಪ್ಪತ್ತು ವರ್ಷ ಬೆಸುಗೆಯ ಹೊಗೆ ಕುಡಿದವನು ನಾನು.

ಮೂರನೆಯ ದಿನ ಗಿಟಾರನ್ನು ಬೋರಲು ಹಾಕಿ, ಬೆನ್ನಿಗೆ ಡ್ರಿಲ್ಲಿನಿಂದ ತೂತು ಹೊಡೆದು, ಸಣ್ಣ ಗರಗಸ ಇಳಿಸಿ ಅಂಗೈಯಗಲ ಕೊಯ್ದುಬಿಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮಮ್ಮ ಸಾವಿರ ಸಲ ಹೇಳಿದ್ದಳು. ಬೇಕಾದಾಗ ಯಾವ ಗಾದೆ ತಾನೇ ನೆನಪಾಗುತ್ತದೆ? ಅರ್ಧ ಗಂಟೆಯಲ್ಲಿ ನಾಲ್ಕೂ ಕೂತವು. ಕೊಯ್ದ ಜಾಗಕ್ಕೆ ಹಾರ್ಡ್‌ಬೋರ್ಡಿನ ಮುಚ್ಚಳ ಹಾಕಿ ಸ್ಕ್ರೂ ಬಿಗಿದೆ. ಮಾಡಿದವನಿಗೆ ಹೊಳೆಯದ್ದು ನನಗೆ ಹೊಳೆಯಿತೆಂದು ಬೀಗಿದೆ ಬೇರೆ. ಹೆಂಡತಿ ಮೆಷಿನ್ ತುಳಿಯುತ್ತಿದ್ದಳು.

ಸಂಜೆ ಗಾರ್ಡ್ ಬಂದರು. ಸ್ಪೀಕರಿಗೆ ಹಾಕಿ ತೋರಿಸಿದೆ. ಕರಕರವಿಲ್ಲ, ಗುಂಯ್ ಇಲ್ಲ. ಅವರ ಮುಖ ಅರಳಿತು. ಆಮೇಲೆ ವೈರು ಕಿತ್ತು, ಗಿಟಾರನ್ನು ಎದೆಗೊತ್ತಿಕೊಂಡು ಒಮ್ಮೆ ಮೀಟಿದರು. ಇನ್ನೊಮ್ಮೆ ಮೀಟಿದರು. ಹಾರ್ಡ್‌ಬೋರ್ಡು ಸಣ್ಣಗೆ ಜಿರ್ ಎಂದಿತು. ಅವರ ಕೈ ಬೆನ್ನು ತಡವುತ್ತ ಹೋಗಿ ಸ್ಕ್ರೂ ಮೇಲೆ ನಿಂತಿತು.

ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಮಾತು ಬಾಯಲ್ಲೇ ಇತ್ತು. ಅವರು ಕೇಳಿದ್ದು ಇಷ್ಟೇ: "ಕೊಯ್ದ ತುಂಡು ಎಲ್ಲೈತೆ? ಕೊಡಿ, ಆಚಾರ್ರ ಹತ್ರ ಅಂಟಿಸ್ಕೊತೀನಿ."

ತುಂಡು ಮೇಜಿನ ಮೇಲೆಯೇ ಇತ್ತು. ಬೆಳಗಿನಿಂದ ಬಿಸಿ ಸಾಲ್ಡರಿಂಗ್ ಐರನ್ನನ್ನು ಅದರ ಮೇಲೆ ಇಡುತ್ತಿದ್ದೆ. ನಡುವೆ ಸುಟ್ಟು ಕರಿಕಾಗಿತ್ತು. ನನ್ನ ಕೈ ಅತ್ತ ಚಾಚಲಿಲ್ಲ. ಹೆಂಡತಿಯೇ ಎದ್ದು ಬಂದು, ಐರನ್ ಪಕ್ಕಕ್ಕಿಟ್ಟು, ಸೆರಗಿನಿಂದ ಮಸಿ ಒರೆಸಿ ಅವರಿಗೆ ಕೊಟ್ಟಳು. ತಪ್ಪಾಯ್ತು ಎಂದವಳೂ ಅವಳೇ.