ಆಂಬ್ರೋಸನ ಕಳ್ಳನನ್ನು ಹೊಡೆದವರು

ಆಂಬ್ರೋಸ್ ಟಕ್‌ವೆಲ್ ಹಾಡಿನ ಹಾಳೆ ಮಾರುತ್ತಿದ್ದ. ಮೇಲೊಂದು ಮರದಚ್ಚಿನ ಚಿತ್ರ, ಕೆಳಗೆ ಹಾಡು. ಕಾಲು ಕುಂಟು. ನಾಟಿಂಗ್‌ಹ್ಯಾಮ್ ಸಂತೆ ಬಿಟ್ಟರೆ ಇನ್ನೊಂದು ಊರಿಗೆ ನಡೆಯಲಾರ. ನನ್ನ ಹೆಂಡದಂಗಡಿಯ ಬಾಗಿಲೇ ಅವನ ಠಿಕಾಣಿ.

ಹಾಡೆಲ್ಲ ನಮ್ಮ ಕಾಡಿನ ಆ ಹಸಿರಂಗಿ ಕಳ್ಳನವೇ. ಎಲ್ಲದರಲ್ಲೂ ಒಂದೇ ಕಥೆ. ಯಾರೋ ಕಸುಬಿನವನು ದಾರಿಯಲ್ಲಿ ಸಿಗುತ್ತಾನೆ, ಕಳ್ಳ ಅಡ್ಡಗಟ್ಟುತ್ತಾನೆ, ಚೆನ್ನಾಗಿ ಒದೆ ತಿನ್ನುತ್ತಾನೆ. ಆಮೇಲೆ ಹೊಡೆದವನ ಕೈಕುಲುಕಿ ಕುಡಿಸುತ್ತಾನೆ. ಹೊಡೆದವನು ಸಾಯುವವರೆಗೂ ಕಳ್ಳನ ಗುಂಪಿನಲ್ಲೇ ಇರುತ್ತಾನೆ. ಜನರಿಗೆ ಬೇಕಾದದ್ದು ಹೊಡೆದವನ ಕಸುಬು. ಕಟುಕರ ಎದುರು ಆಂಬ್ರೋಸ್ ಕಟುಕ ಹೊಡೆದನೆಂದು ಹಾಡುತ್ತಿದ್ದ, ಕಮ್ಮಾರರ ಎದುರು ಕಮ್ಮಾರ. ಮಾರುತ್ತಿದ್ದ ಹಾಳೆ ಮಾತ್ರ ಒಂದೇ. ಓದು ಬಂದವರು ಎಷ್ಟು ಜನ?

“ನಮ್ಮ ಕಸುಬಿನವಳು ಒಂದ್ಸಲನಾದ್ರೂ ಹೊಡೀಬಾರ್ದೇನೋ?” ಎಂದು ಕೇಳಿದ್ದೆ.

“ಹೆಂಗಸಿನ ಕೈಲಿ ಒದೆ ತಿಂದ್ರೆ ಕಳ್ಳನ ಮಾನ ಏನಾಗ್ಬೇಕು, ತಾಯಿ?” ಎಂದಿತು ಮುಂಡೇದು.

ಕಟುಕ ಗಿಲ್ಬರ್ಟ್ ಹಾಬ್ಡೆ ಒಂದು ಹಾಳೆ ಕೊಂಡು ಹೆಮ್ಮೆಯಿಂದ ನನ್ನ ಗೋಡೆಗೆ ಅಂಟಿಸಿದ್ದ. ಒಂದು ಶನಿವಾರ ಮಧ್ಯಾಹ್ನ ಚರ್ಚಿನ ಗುಮಾಸ್ತ ಕುಡಿಯುತ್ತ ಕೂತವನು ಅದನ್ನು ಗಟ್ಟಿಯಾಗಿ ಓದಿಬಿಟ್ಟ. ಹೊಡೆದವನು ನೇಕಾರ!

“ನೇಕಾರನಾ? ಆ ಕಡ್ಡಿಪೈಲ್ವಾನನಾ?” ಹಾಬ್ಡೆ ಎದ್ದ. ಕಮ್ಮಾರರೂ ಎದ್ದರು. ಬಾಗಿಲಲ್ಲಿ ಹಾಡುತ್ತಿದ್ದವನ ಕೊರಳಪಟ್ಟಿ ಹಿಡಿದು ಒಳಗೆಳೆದರು. “ಲೋ ಕುಂಟ, ಒದೆ ತಿಂದು ಊರು ಬಿಡ್ತೀಯೋ, ಹಂಗೇ ಬಿಡ್ತೀಯೋ?”

ಊರು ಬಿಟ್ಟರೆ ಅವನು ದಾರಿಯಲ್ಲೇ ಸಾಯುತ್ತಾನೆ.

“ಹೊಡೀರಪ್ಪ,” ಎಂದ ಆಂಬ್ರೋಸ್. “ಆದ್ರೆ ಹಾಡಿನ ಕಟ್ಟಳೆ ನೆನಪಿರ್ಲಿ. ಹೊಡೆದೋನು ಸಾಯೋ ತನಕ ನನ್ನ ಗುಂಪು. ಸಂತೆ ಸಂತೆಗೂ ನನ್ನ ಪಕ್ಕ ನಿಂತು ಹಾಡ್ಬೇಕು.”

ಕಮ್ಮಾರರು ಮೆಲ್ಲಗೆ ಕೈ ಇಳಿಸಿದರು. ಹಾಬ್ಡೆಗೆ ಕೋಪ ಮೂಗಿನ ತುದಿಯಲ್ಲೇ. ಫಟ್ಟೆಂದು ಒಂದು ಬಾರಿಸಿಯೇಬಿಟ್ಟ.

ಅಂಗಡಿಯೆಲ್ಲ ಹೋ ಎಂದಿತು. “ಹಾಡೋ ಗಿಲ್ಬರ್ಟ್, ಈಗ ಹಾಡು!”

ಹಾಡಿದ. ಗೂಳಿಯ ಕಂಠ. ಮುಂದಿನ ಶನಿವಾರ ಯಾರೂ ಕರೆಯದೆ ತಾನೇ ಬಂದು ಆಂಬ್ರೋಸನ ಪಕ್ಕ ನಿಂತ. ಚಿಕ್ಕಂದಿನಿಂದ ಹಾಡುವ ಆಸೆಯಿತ್ತಂತೆ, ಯಾರೂ ಕೇಳಿರಲಿಲ್ಲವಂತೆ. ಒಂಬತ್ತು ವರ್ಷ ಒಂದು ಸಂತೆಯನ್ನೂ ತಪ್ಪಿಸಲಿಲ್ಲ.

ಆಂಬ್ರೋಸನನ್ನು ಮಣ್ಣು ಮಾಡಿದ ದಿನವೂ ಹಾಡಿದ. ಕಸುಬಿನ ಹೆಸರು ಬರುವ ಸಾಲಿಗೆ ಹಾಡು ನಿಲ್ಲಿಸಿದ. ಎದುರಿಗೆ ಯಾರಿದ್ದಾರೆಂದು ನೋಡಿದ. ಮೂಗು ಒರೆಸಿಕೊಳ್ಳುತ್ತ ನಾನಿದ್ದೆ. ಕಳ್ಳನನ್ನು ಅವತ್ತು ಹೊಡೆದುರುಳಿಸಿದ್ದು ಹೆಂಡದಂಗಡಿಯವಳು.