ಕೆಂಪು ದಾರ ಕಟ್ಟಿದ ಕೀ

ಅಂದು ಬೆಳಿಗ್ಗೆ ಹಾಲು ಕಾಯಿಸಿ, ಹೊಸ್ತಿಲಿಗೆ ರಂಗೋಲಿ ಎಳೆದು, ಎಂದಿನಂತೆ ಯಜಮಾನರ ಮೊಬೈಲಿಗೆ ಕರೆ ಮಾಡಿದೆ. ಸ್ವಿಚ್ ಆಫ್. ಕಳೆದ ದೀಪಾವಳಿಗೆ ಮೊದಲು ಎನ್.ಆರ್. ಪುರದ ಬಸ್ಸು ಹತ್ತಿದವರು ಇನ್ನೂ ಮರಳಿಲ್ಲ. ಮುಂಬಾಗಿಲಿನ ಒಂದು ಕೀ ಅವರ ಜೇಬಿನಲ್ಲೇ ಹೋಯಿತು.

ಆ ಬೀಗ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಕೊಪ್ಪದ ಪೇಟೆಯಿಂದ ಹೊಸದು ತಂದಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರು ಕಸೂತಿ ಕಲಿಸಿದ್ದರು, ಸ್ಕ್ರೂಡ್ರೈವರ್ ಹಿಡಿಯುವುದನ್ನಲ್ಲ. ಸ್ಕ್ರೂಗಳಿಗೆ ಕೊಬ್ಬರಿ ಎಣ್ಣೆ ಬಿಟ್ಟು ಬಿಟ್ಟು ಅಂತೂ ಬಿಚ್ಚಿದೆ. ಹಳೆಯ ಬೀಗದ ಅಡಿಯಲ್ಲಿ ಮರ ಇನ್ನೂ ಹೊಸದರಂತೆ ಹೊಳೆಯುತ್ತಿತ್ತು. ಹೊಸ ಬೀಗ ಕೂತ ಮೇಲಷ್ಟೇ ಹೊಳೆಯಿತು. ಇನ್ನು ಅವರ ಕೀ ಇದಕ್ಕೆ ಆಗುವುದಿಲ್ಲ!

ಮನೆ ಬಿಟ್ಟು ಹೊರಡುವಾಗ ಒಂದು ಕೀಯನ್ನು ಹೊರಗಿನ ಬಚ್ಚಲಿನ ಹೆಂಚಿನ ಸಂದಿಯಲ್ಲಿಡುವುದು ನಮ್ಮ ರೂಢಿ. ಅದು ನಮ್ಮಿಬ್ಬರಿಗೇ ಗೊತ್ತು. ಅವರ ಕಣ್ಣು ತಪ್ಪದಿರಲೆಂದು ಹೊಸ ಕೀಗೆ ಕೆಂಪು ದಾರ ಕಟ್ಟಿ ಅಲ್ಲೇ ಇಟ್ಟು, ಹಿಟ್ಟಿನ ಗಿರಣಿಗೆ ಹೋದೆ.

ಸಂಜೆ ಬಂದು ಸಂದಿಯಲ್ಲಿ ಕೈಯಾಡಿಸಿದರೆ ಕೀ ಇಲ್ಲ. ಹಿಟ್ಟಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಓಡಿದೆ. "ಬಂದ್ರಾ? ನೀವು ಬಂದ್ರಾ?" ಎಂದು ಬಡಿದೆ. ಒಳಗೆ ಗಡಿಯಾರದ ಸದ್ದು ಮಾತ್ರ.

ಬೇಲಿ ದಾಟಿ ಪಕ್ಕದ ಮನೆಯ ಸುಶೀಲಕ್ಕ ಬಂದರು. ಅವರ ಬೆರಳಲ್ಲಿ ಕೆಂಪು ದಾರ ನೇತಾಡುತ್ತಿತ್ತು.

"ಎಂತ ಮಾರಾಯ್ತಿ, ಹೊಸ ಬೀಗ ಹಾಕಿ ಕೀ ಹೊರಗೆ ನೇತುಹಾಕದಾ? ನಮ್ಮನೆ ಜಗಲಿಗೇ ಕಾಣ್ತಿತ್ತು, ನಾನೇ ತೆಗೆದಿಟ್ಟೆ. ತಗೋ, ಇನ್ನು ನಿಶ್ಚಿಂತೆಯಿಂದ ಮಲ್ಗು. ಯಾರೂ ಒಳಗೆ ಬರಕ್ಕಾಗಲ್ಲ."